ಆ ಎರಡು ನೀಲಿ ಪದಗಳ ರೇಟು ಎಷ್ಟು?

ಮೊನ್ನೆ ರಾತ್ರಿ ಒಂಬತ್ತರ ಬುಲೆಟಿನ್ ಮುಗಿಸಿ ಮೇಕಪ್ ಒರೆಸಿಕೊಳ್ತಾ ಕೂತಿದ್ದೆ. ನಮ್ಮ ಡಿಜಿಟಲ್ ಡೆಸ್ಕ್‌ನ ಹುಡುಗ ಲ್ಯಾಪ್‌ಟಾಪ್ ಹಿಡ್ಕೊಂಡು ಬಂದ. 'ಸಾರ್, ಒಂದು ಮೇಲ್ ಬಂದಿದೆ. ವಿಚಿತ್ರವಾಗಿದೆ, ನೋಡಿ' ಅಂದ.

ನೋಡಿದೆ. ಮೂರು ವರ್ಷದ ಹಿಂದೆ ನಮ್ಮ ವೆಬ್‌ಸೈಟ್‌ನಲ್ಲಿ ಬಂದಿದ್ದ ಒಂದು ಸುದ್ದಿ. ಒಡವೆ ಅಡ ಇಟ್ಟರೆ ಯಾವ ಬ್ಯಾಂಕಿನಲ್ಲಿ ಎಷ್ಟು ಬಡ್ಡಿ ಅನ್ನೋ ಮಾಮೂಲಿ ವರದಿ. ಅದರ ನಾಲ್ಕನೇ ಪ್ಯಾರಾದಲ್ಲಿ 'ವೈಯಕ್ತಿಕ ಸಾಲ' ಅಂತ ಎರಡು ಪದ ಇವೆಯಂತೆ. ಆ ಎರಡು ಪದಕ್ಕೆ ನಾವು ಕೊಡೋ ಲಿಂಕ್ ಸೇರಿಸಿ, ಹದಿನೈದು ಸಾವಿರ ರೂಪಾಯಿ ಕೊಡ್ತೀವಿ ಅಂತ ಬರೆದಿದ್ದರು. ಸುದ್ದಿಯಲ್ಲಿ ಒಂದಕ್ಷರ ಬದಲಾಯಿಸೋದು ಬೇಡ, ಹೆಡ್‌ಲೈನ್ ಮುಟ್ಟೋದು ಬೇಡ, ಜಾಹೀರಾತು ಅಂತ ಎಲ್ಲೂ ನಮೂದಿಸೋದು ಬೇಡ. ಲಿಂಕ್ ಹೋಗೋದು ಎಲ್ಲಿಗೆ? ಐದು ನಿಮಿಷದಲ್ಲಿ ಸಾಲ ಕೊಡ್ತೀವಿ ಅನ್ನೋ ಒಂದು ಆ್ಯಪ್‌ಗೆ.

ಅಲ್ರೀ, ಆ ಹಳೇ ಸುದ್ದಿಯನ್ನ ಈಗ ತಿಂಗಳಿಗೆ ಹತ್ತು ಜನ ಓದಿದ್ರೆ ಹೆಚ್ಚು. ಆ ಹತ್ತು ಜನರಲ್ಲಿ ಒಬ್ಬ ಆ ನೀಲಿ ಅಕ್ಷರ ಒತ್ತಿದ್ರೆ ಅದೇ ದೊಡ್ಡದು. ಅದಕ್ಕೆ ಹದಿನೈದು ಸಾವಿರ ಯಾಕೆ ಕೊಡ್ತಾನೆ? ತಲೆ ಕೆಟ್ಟಿದೆಯಾ ಅವನಿಗೆ?

ತಲೆ ಕೆಟ್ಟಿಲ್ಲ. ಅವನಿಗೆ ನನ್ನ ಓದುಗ ಬೇಕಾಗಿಲ್ಲ. ಅವನಿಗೆ ಬೇಕಾಗಿರೋದು ಗೂಗಲ್. ನಮ್ಮ ವಾಹಿನಿಯ ವೆಬ್‌ಸೈಟ್ ಅವನ ಕಡೆ ಬೆರಳು ತೋರಿಸ್ತಿದೆ ಅನ್ನೋದನ್ನ ಗೂಗಲ್‌ನ ಯಂತ್ರ ನೋಡಬೇಕು, ಅಷ್ಟೇ. ಅವನು ಕೊಳ್ಳೋಕೆ ಬಂದಿರೋದು ಜಾಹೀರಾತಿನ ಜಾಗ ಅಲ್ಲ, ಶಿಫಾರಸು.

ಇದನ್ನ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ಗಂಡು ಹುಡುಕುವಾಗ ಏನ್ ಮಾಡ್ತೀವಿ? ಹುಡುಗನ್ನೇ 'ನೀನು ಒಳ್ಳೆಯವನಾ' ಅಂತ ಕೇಳಲ್ಲ. ಊರಲ್ಲಿ ನಾಲ್ಕು ಜನರನ್ನ ಕೇಳ್ತೀವಿ. ಎಲ್ಲರ ಮಾತಿಗೂ ಒಂದೇ ತೂಕ ಇರಲ್ಲ. ಶಾಲೆಯ ಮೇಷ್ಟ್ರು ಹೇಳಿದ್ದಕ್ಕೆ ಒಂದು ಬೆಲೆ, ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವನು ಹೇಳಿದ್ದಕ್ಕೆ ಇನ್ನೊಂದು. ಇನ್ನೊಂದು ಸೂಕ್ಷ್ಮ ಇದೆ. ಆ ಮೇಷ್ಟ್ರು ಊರಿನ ಎಲ್ಲ ಹುಡುಗರನ್ನೂ ಹೊಗಳೋ ಪೈಕಿ ಆದ್ರೆ ಅವರ ಹೊಗಳಿಕೆಗೆ ತೂಕ ಕಡಿಮೆ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡ್ತಿದ್ದ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ ಹೆಚ್ಚು ಕಡಿಮೆ ಇದನ್ನೇ ಗಣಿತಕ್ಕೆ ಇಳಿಸಿದರು. 1996ರಲ್ಲಿ ಅವರು ಕಟ್ಟಿದ ಸರ್ಚ್ ಎಂಜಿನ್ನಿನ ಹೆಸರೇ 'ಬ್ಯಾಕ್‌ರಬ್'. ಯಾರು ನಿಮ್ಮ ಕಡೆಗೆ ಲಿಂಕ್ ಕೊಟ್ಟಿದ್ದಾರೆ ಅನ್ನೋ ಹಿಂದಿನ ಜಾಡನ್ನ, ಅಂದ್ರೆ ಬ್ಯಾಕ್‌ಲಿಂಕ್‌ಗಳನ್ನ, ಅದು ಎಣಿಸ್ತಿತ್ತು. 1998ರಲ್ಲಿ ಅದೇ ಗೂಗಲ್ ಕಂಪನಿ ಆಯ್ತು. ಅವರ ಲೆಕ್ಕಕ್ಕೆ ಪೇಜ್‌ರ‍್ಯಾಂಕ್ ಅಂತ ಹೆಸರು. ವೆಬ್ ಪುಟಕ್ಕೆ ಕೊಡೋ ರ‍್ಯಾಂಕ್ ಅಂತ ನಾನೂ ಬಹಳ ದಿನ ಅಂದ್ಕೊಂಡಿದ್ದೆ. ಅದರಲ್ಲಿ ಲ್ಯಾರಿ ಪೇಜ್ ಹೆಸರೂ ಇದೆ.

ಲೆಕ್ಕ ಸರಳ. ಒಂದು ಪುಟ ಇನ್ನೊಂದಕ್ಕೆ ಲಿಂಕ್ ಕೊಟ್ಟರೆ ಅದು ಒಂದು ವೋಟು. ಲಿಂಕ್ ಕೊಟ್ಟವನಿಗೇ ಜಾಸ್ತಿ ವೋಟು ಬಿದ್ದಿದ್ದರೆ ಅವನ ವೋಟಿಗೆ ಜಾಸ್ತಿ ಬೆಲೆ. ಅವನು ನೂರು ಜನಕ್ಕೆ ಲಿಂಕ್ ಕೊಟ್ಟಿದ್ದರೆ ಆ ಬೆಲೆ ನೂರು ಪಾಲಾಗಿ ಹಂಚಿ ಹೋಗುತ್ತೆ. ಹಾಗಾದ್ರೆ ಮೊದಲು ಯಾರ ಬೆಲೆ ಎಷ್ಟು ಅಂತ ಹೇಗೆ ಗೊತ್ತಾಗುತ್ತೆ? ಎಲ್ಲರಿಗೂ ಸಮಾನ ಬೆಲೆ ಕೊಟ್ಟು ಶುರು ಮಾಡಿ, ಅದೇ ಲೆಕ್ಕವನ್ನ ಮತ್ತೆ ಮತ್ತೆ ಮಾಡ್ತಾ ಹೋಗೋದು. ಒಂದು ಹಂತದಲ್ಲಿ ಅಂಕಿ ಅಲುಗಾಡೋದು ನಿಲ್ಲುತ್ತೆ. ಕಂಪ್ಯೂಟರಿಗೆ ಬೇಜಾರಾಗಲ್ವಲ್ಲ, ಮಾಡುತ್ತೆ.

ಅದಕ್ಕೂ ಮೊದಲಿನ ಸರ್ಚ್ ಎಂಜಿನ್‌ಗಳು ಹೆಚ್ಚಾಗಿ ಪುಟದೊಳಗಿನ ಪದಗಳನ್ನ ನೋಡ್ತಿದ್ದವು. 'ಹೋಟೆಲ್ ಹೋಟೆಲ್ ಹೋಟೆಲ್' ಅಂತ ಇನ್ನೂರು ಸಲ ಬರೆದ್ರೆ ಮೇಲೆ ಬರಬಹುದಾಗಿತ್ತು. ನಿಮ್ಮ ಬಗ್ಗೆ ನೀವೇ ಹೇಳ್ಕೊಳ್ಳೋದಕ್ಕೆ ಬೆಲೆ ಇಲ್ಲ, ಬೇರೆಯವರು ಹೇಳಲಿ ಅಂದಿತು ಗೂಗಲ್. ಅದಕ್ಕೇ ಅದು ಗೆದ್ದಿದ್ದು.

ಇನ್ನೊಂದು ವಿಷಯ ಇದೆ, ನನ್ನ ಉದ್ಯೋಗದ ಹೆಸರೇ ಅದಕ್ಕೆ. ಆಂಕರ್ ಟೆಕ್ಸ್ಟ್. ಲಿಂಕ್ ಅಡಗಿರುವ ನೀಲಿ ಪದಗಳಿಗೆ ಹಾಗಂತಾರೆ. ಆ ಪದಗಳು ಏನು ಹೇಳ್ತವೋ, ಲಿಂಕ್ ತಲುಪೋ ಪುಟ ಅದರ ಬಗ್ಗೆಯೇ ಇದೆ ಅಂತ ಯಂತ್ರ ನಂಬುತ್ತೆ. ಈ ನಂಬಿಕೆಯನ್ನ ಜನ ಹೇಗೆ ಆಟ ಆಡಿಸಿದ್ರು ಗೊತ್ತಾ? 2003ರಲ್ಲಿ ಗೂಗಲ್‌ನಲ್ಲಿ ಇಂಗ್ಲಿಷಿನಲ್ಲಿ 'ಮಿಸರಬಲ್ ಫೇಲ್ಯೂರ್', ಅಂದ್ರೆ ಹೀನಾಯ ಸೋಲು ಅಂತ ಹುಡುಕಿದ್ರೆ ಮೊದಲು ಬರ್ತಿದ್ದದ್ದು ವೈಟ್ ಹೌಸ್ ವೆಬ್‌ಸೈಟಿನಲ್ಲಿದ್ದ ಜಾರ್ಜ್ ಬುಷ್ ಪರಿಚಯದ ಪುಟ! ಆ ಪುಟದಲ್ಲಿ ಆ ಪದಗಳೇ ಇರಲಿಲ್ಲ. ಬುಷ್ ಕಂಡ್ರೆ ಆಗದ ಒಂದಷ್ಟು ಜನ ತಮ್ಮ ತಮ್ಮ ಪುಟಗಳಲ್ಲಿ ಆ ಎರಡು ಪದ ಬರೆದು ಅಲ್ಲಿಗೆ ಲಿಂಕ್ ಕೊಟ್ಟಿದ್ದರು. ಗೂಗಲ್ ಅದನ್ನ ಸರಿಪಡಿಸಿದ್ದು 2007ರ ಜನವರಿಯಲ್ಲಿ. ಹೆಚ್ಚು ಕಡಿಮೆ ಮೂರು ವರ್ಷ ಅಮೆರಿಕದ ಅಧ್ಯಕ್ಷರೇ ಏನೂ ಮಾಡೋಕಾಗಲಿಲ್ಲ.

ನಮಗೂ ಒಂದು ಏಟು ಬಿದ್ದಿತ್ತು, ನೆನಪಿದೆಯಾ? 2021ರ ಜೂನ್. ಭಾರತದ ಅತ್ಯಂತ ಕುರೂಪಿ ಭಾಷೆ ಯಾವುದು ಅಂತ ಇಂಗ್ಲಿಷಿನಲ್ಲಿ ಕೇಳಿದ್ರೆ ಗೂಗಲ್ ಕನ್ನಡ ಅಂತ ಉತ್ತರ ಕೊಡ್ತಿತ್ತು. ಇಡೀ ರಾಜ್ಯ ಕೆರಳಿತು. ಆಗಿನ ಕನ್ನಡ ಮತ್ತು ಸಂಸ್ಕೃತಿ ಸಚಿವ ಅರವಿಂದ ಲಿಂಬಾವಳಿ ನೋಟಿಸ್ ಕೊಡ್ತೀವಿ ಅಂದ್ರು. ಗೂಗಲ್ ಆ ಉತ್ತರ ತೆಗೆದು ಕ್ಷಮೆ ಕೇಳಿತು, ಅದು ನಮ್ಮ ಅಭಿಪ್ರಾಯ ಅಲ್ಲ ಅಂತು. ಆ ಉತ್ತರ ಬಂದಿದ್ದು ಎಲ್ಲಿಂದ? ಸಾಲ ತೀರಿಸೋ ಬಗೆ ಹೇಳ್ತೀವಿ ಅನ್ನೋ ಯಾವುದೋ ಹೆಸರಿಲ್ಲದ ವಿದೇಶಿ ವೆಬ್‌ಸೈಟಿನ ಒಂದು ಪುಟದಿಂದ. ಸಾಲದ ವೆಬ್‌ಸೈಟಿಗೂ ಭಾಷೆಯ ಅಂದಚಂದಕ್ಕೂ ಏನ್ರೀ ಸಂಬಂಧ? ಆ ಪುಟ ಲಿಂಕ್ ಕೊಂಡು ಮೇಲೆ ಬಂತು ಅಂತ ನಾನು ಹೇಳ್ತಿಲ್ಲ. ಯಂತ್ರಕ್ಕೆ ಸತ್ಯ ಸುಳ್ಳು ಗೊತ್ತಾಗಲ್ಲ, ಸಿಕ್ಕ ಸುಳಿವುಗಳನ್ನ ಕೂಡಿಸಿ ಅದು ಉತ್ತರ ಕೊಡುತ್ತೆ ಅನ್ನೋದಕ್ಕೆ ಅದನ್ನ ಹೇಳಿದೆ. ಅಂಥ ಸುಳಿವುಗಳಲ್ಲಿ ದುಡ್ಡು ಕೊಟ್ಟು ಕೊಳ್ಳಬಹುದಾದ ಸುಳಿವು ಲಿಂಕ್.

ಕೊಂಡವರ ಕಥೆಗಳಲ್ಲಿ ಜೆ.ಸಿ. ಪೆನ್ನಿ ಕಥೆ ಎಲ್ಲಕ್ಕಿಂತ ಮಜವಾಗಿದೆ. ಅಮೆರಿಕದ ದೊಡ್ಡ, ಹಳೆಯ ಬಟ್ಟೆಬರೆ ಅಂಗಡಿಗಳ ಸರಪಳಿ ಅದು. 2010ರ ಕೊನೆಯ ತಿಂಗಳುಗಳು, ಅಂದ್ರೆ ಕ್ರಿಸ್‌ಮಸ್ ವ್ಯಾಪಾರದ ಕಾಲ. ಗೂಗಲ್‌ನಲ್ಲಿ ಡ್ರೆಸ್ ಅಂತ ಹುಡುಕಿದ್ರೆ ಮೊದಲನೇ ಹೆಸರು ಪೆನ್ನಿ. ಹಾಸಿಗೆ ಹೊದಿಕೆ ಅಂದ್ರೂ ಪೆನ್ನಿ. ನೆಲಹಾಸು ಅಂದ್ರೂ ಪೆನ್ನಿ. ಸ್ಯಾಮ್ಸೊನೈಟ್ ಸೂಟ್‌ಕೇಸ್ ಅಂದ್ರೆ ಸ್ಯಾಮ್ಸೊನೈಟ್ ಕಂಪನಿಗಿಂತ ಮೇಲೆ ಪೆನ್ನಿ! ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಡೇವಿಡ್ ಸೀಗಲ್‌ಗೆ ಅನುಮಾನ ಬಂತು. ಬಲ್ಲವರೊಬ್ಬರಿಂದ ಜಾಡು ಹಿಡಿಸಿದರು. ಪೆನ್ನಿ ಕಡೆಗೆ ಇವನಿಂಗ್ ಡ್ರೆಸ್, ಕಾಕ್‌ಟೇಲ್ ಡ್ರೆಸ್ ಥರದ ಪದಗಳಲ್ಲಿ ಲಿಂಕ್ ಕೊಟ್ಟ 2,015 ಪುಟಗಳು ಸಿಕ್ಕವು. ಅವು ಯಾರ ಪುಟಗಳು? ಕ್ಯಾಸಿನೋ ಬಗ್ಗೆ ಬರೆಯೋ ತಾಣ, ಅಣುವಿದ್ಯುತ್ ಎಂಜಿನಿಯರಿಂಗ್ ತಾಣ, ಗೊರಕೆಯ ತಾಣ, ಹಲ್ಲಿನ ಡಾಕ್ಟರ ತಾಣ, ಮೀನು ಹಿಡಿಯೋರ ತಾಣ. ಅಣುಶಕ್ತಿ ಓದೋಕೆ ಬಂದವನು ಅಲ್ಲಿಂದ ಗೌನ್ ಕೊಳ್ಳೋಕೆ ಹೋಗ್ತಾನಾ? ಮನುಷ್ಯರಿಗಾಗಿ ಹಾಕಿದ ಲಿಂಕ್‌ಗಳೇ ಅಲ್ಲ ಅವು.

ಪತ್ರಿಕೆಯವರು ಸಾಕ್ಷಿಯನ್ನ ಗೂಗಲ್ ಮುಂದಿಟ್ಟರು. 2011ರ ಫೆಬ್ರವರಿ 9, ಸಂಜೆ ಏಳು ಗಂಟೆಗೆ ಸ್ಯಾಮ್ಸೊನೈಟ್ ಸೂಟ್‌ಕೇಸ್ ಹುಡುಕಾಟದಲ್ಲಿ ಪೆನ್ನಿ ನಂಬರ್ ಒಂದು. ಎರಡು ಗಂಟೆ ಕಳೆದ ಮೇಲೆ 71. ಗೂಗಲ್‌ನ ಮನುಷ್ಯರೇ ಕೈಯಾರೆ ಕೆಳಗೆ ತಳ್ಳಿದ್ದರು. ನಮಗೆ ಗೊತ್ತಿರಲಿಲ್ಲ, ನಾವು ಒಪ್ಪಿಗೆ ಕೊಟ್ಟಿರಲಿಲ್ಲ ಅಂತ ಪೆನ್ನಿ ಹೇಳಿತು, ಸರ್ಚ್ ಕೆಲಸ ನೋಡ್ಕೊಳ್ತಿದ್ದ ಸಂಸ್ಥೆಯನ್ನ ಕೈಬಿಟ್ಟಿತು. ಆದ್ರೆ ನಾನು ಕೇಳೋ ಪ್ರಶ್ನೆ ಬೇರೆ. ಆ ಕ್ರಿಸ್‌ಮಸ್ ತಿಂಗಳುಗಳಲ್ಲಿ ನ್ಯಾಯವಾಗಿ ಒಂದನೇ ಸ್ಥಾನದಲ್ಲಿ ಇರಬೇಕಾಗಿದ್ದ ಅಂಗಡಿಯವನು ಯಾರು? ಅವನಿಗೆ ತಪ್ಪಿದ ವ್ಯಾಪಾರ ಯಾರು ತುಂಬಿಕೊಟ್ರು? ಅವನಿಗೆ ತಾನು ಕಳ್ಕೊಂಡಿದ್ದೀನಿ ಅನ್ನೋದೇ ಗೊತ್ತಿರಲಿಕ್ಕಿಲ್ಲ.

ಸಕಲೇಶಪುರದ ಹತ್ತಿರ ನನ್ನ ಸ್ನೇಹಿತನೊಬ್ಬ ಹೋಂಸ್ಟೇ ನಡೆಸ್ತಾನೆ. ಐದು ರೂಮು, ಒಂದು ತೋಟ, ಅವನ ಹೆಂಡತಿ ಕೈಯ ಕಡುಬು. ಒಂದು ದಿನ ಫೋನ್ ಮಾಡಿದ. 'ಏ ಮಾರಾಯ, ಹಿಂದೆಲ್ಲ ಗೂಗಲ್‌ನಲ್ಲಿ ನನ್ನದು ಮೊದಲನೇ ಪೇಜಲ್ಲಿ ಬರ್ತಿತ್ತು. ಈಗ ಹುಡುಕಿದ್ರೂ ಸಿಗಲ್ಲ' ಅಂದ. ವಿಚಾರಿಸಿದೆ. ಬೆಂಗಳೂರಿನ ಯಾವುದೋ ಏಜೆನ್ಸಿಯವರು ಎಂಟು ಸಾವಿರಕ್ಕೆ ಸಾವಿರ ಬ್ಯಾಕ್‌ಲಿಂಕ್ ಕೊಡ್ತೀವಿ, ಮೂರು ತಿಂಗಳಲ್ಲಿ ನಂಬರ್ ಒನ್ ಅಂದಿದ್ರಂತೆ. ಕೊಟ್ಟಿದ್ದಾನೆ. ಅವರೂ ಮಾತಿನಂತೆ ಸಾವಿರ ಲಿಂಕ್ ಕೊಟ್ಟಿದ್ದಾರೆ, ಎಕ್ಸೆಲ್ ಶೀಟಿನ ಸಮೇತ! ತೆಗೆದು ನೋಡಿದ್ರೆ ಒಂದಕ್ಕೂ ತಲೆಬುಡ ಇಲ್ಲ. ಯಾವ ಭಾಷೆ ಅಂತ ಗೊತ್ತಾಗದ ಪುಟಗಳು, ಔಷಧ ಮಾರೋ ಪುಟಗಳು, ಎಂದೋ ಸತ್ತ ತಾಣವನ್ನ ಯಾರೋ ಕೊಂಡು ಮತ್ತೆ ನಿಲ್ಲಿಸಿದ ಪುಟಗಳು. ಎಲ್ಲದರಲ್ಲೂ 'ಬೆಸ್ಟ್ ಹೋಂಸ್ಟೇ ಇನ್ ಸಕಲೇಶಪುರ' ಅಂತ ಅದೇ ನಾಲ್ಕು ಪದ.

ಅವನ ವೆಬ್‌ಸೈಟ್ ಕೆಳಗೆ ಹೋಗಿದ್ದು ಈ ಲಿಂಕ್‌ಗಳಿಂದಲೇನಾ, ಅಥವಾ ದೊಡ್ಡ ದೊಡ್ಡ ಬುಕಿಂಗ್ ಕಂಪನಿಗಳು ಮೊದಲ ಪುಟವನ್ನ ತುಂಬಿಕೊಂಡಿದ್ದರಿಂದಾನಾ? ಎರಡೂ ಇರಬಹುದು. ಕೊಂಡ ಲಿಂಕಿನಿಂದ ಅವನು ಮೇಲಂತೂ ಬರಲಿಲ್ಲ. ಬರೋದೂ ಈಗ ಕಷ್ಟ. ಗೂಗಲ್ 2012ರ ಏಪ್ರಿಲ್ 24ಕ್ಕೆ ಪೆಂಗ್ವಿನ್ ಅನ್ನೋ ಹೆಸರಿನ ಬದಲಾವಣೆ ತಂದು ಇಂಥ ಲಿಂಕ್ ಕಟ್ಟಿದ ತಾಣಗಳನ್ನ ಗುಂಪುಗುಂಪಾಗಿ ಕೆಳಗಿಳಿಸಿತು. ಆಗ ಇಂಗ್ಲಿಷ್ ಹುಡುಕಾಟಗಳಲ್ಲಿ ಶೇ. 3.1ರಷ್ಟರ ಫಲಿತಾಂಶ ಬದಲಾಯ್ತು ಅಂತ ಗೂಗಲ್ಲೇ ಹೇಳಿತ್ತು. 2016ರಿಂದ ಪದ್ಧತಿ ಸ್ವಲ್ಪ ಬೇರೆ. ತಾಣವನ್ನ ಹೊಡೆಯೋದಕ್ಕಿಂತ ಹೆಚ್ಚಾಗಿ, ಕಳ್ಳ ಲಿಂಕ್ ಅಂತ ಅನಿಸಿದ್ದನ್ನ ಲೆಕ್ಕಕ್ಕೇ ತೆಗೆದುಕೊಳ್ಳಲ್ಲ. ಅಂದ್ರೆ ದುಡ್ಡು ಕೊಟ್ಟು ಹಾಕಿಸಿದ ವೋಟು ಎಣಿಕೆಯ ದಿನ ಅಸಿಂಧು. ಏಜೆನ್ಸಿಯವನು ನಿಮಗೆ ಇದನ್ನ ಹೇಳಲ್ಲ. ಅವನು ಎಕ್ಸೆಲ್ ಶೀಟ್ ತೋರಿಸ್ತಾನೆ.

'ಹಾಗಾದ್ರೆ ನಾನೇನು ಮಾಡ್ಲಿ?' ಅಂದ ಸ್ನೇಹಿತ. ಅವನ ತೋಟಕ್ಕೆ ಪ್ರತಿ ಚಳಿಗಾಲ ಹಕ್ಕಿ ನೋಡೋರು ಬರ್ತಾರೆ. ಅವರು ತಮ್ಮ ಪಟ್ಟಿ, ಫೋಟೋ ಎಲ್ಲ ತಮ್ಮ ವೆಬ್‌ಸೈಟ್‌ಗಳಲ್ಲಿ ಹಾಕ್ತಾರೆ. ನಿನ್ನ ಹೆಸರು ಬರೆಯೋ ಕಡೆ ಒಂದು ಲಿಂಕ್ ಹಾಕಿ ಅಂತ ಕೇಳು, ಅದು ನಿಜವಾದ ಲಿಂಕ್ ಅಂದೆ. ನಿನ್ನ ಸೈಟಿನಲ್ಲಿ ಯಾವ ತಿಂಗಳು ಯಾವ ಹಕ್ಕಿ ಕಾಣುತ್ತೆ ಅಂತ ಒಂದು ಪುಟ ಮಾಡು, ಬೇಕಾದವರು ತಾವಾಗೇ ಲಿಂಕ್ ಕೊಡ್ತಾರೆ ಅಂದೆ. 'ಅದಕ್ಕೆಲ್ಲ ಯಾರಿಗೆ ಪುರುಸೊತ್ತು ಮಾರಾಯ' ಅಂದ. ಅವನ ಮಾತೂ ನ್ಯಾಯವೇ. ಮಳೆಗಾಲದಲ್ಲಿ ಕಾಫಿ ತೋಟ ನೋಡೋನು ಹಕ್ಕಿ ಪಟ್ಟಿ ಬರೀತಾ ಕೂರ್ತಾನಾ? ಪುರುಸೊತ್ತಿಲ್ಲದ ಇಂಥವರೇ ಏಜೆನ್ಸಿಗಳ ಗಿರಾಕಿಗಳು.

ಈಗ ನಮ್ಮ ಮನೆಯ ವಿಷಯಕ್ಕೆ ಬರ್ತೀನಿ. ಅಂದ್ರೆ ಸುದ್ದಿಮನೆ.

ಕ್ಯಾಸಿನೋ ತಾಣದ ಲಿಂಕಿಗೆ ಬೆಲೆ ಬಿದ್ದುಹೋದ ಮೇಲೆ ಕೊಳ್ಳೋರು ಎಲ್ಲಿಗೆ ಹೋಗ್ತಾರೆ? ಯಂತ್ರ ಯಾರನ್ನ ನಂಬುತ್ತೋ ಅವರ ಹತ್ತಿರ. ಯಂತ್ರ ನಂಬೋದು ವಿಶ್ವವಿದ್ಯಾಲಯಗಳನ್ನ, ಸರ್ಕಾರಿ ತಾಣಗಳನ್ನ, ಸುದ್ದಿ ತಾಣಗಳನ್ನ. ಇವುಗಳಲ್ಲಿ ದುಡ್ಡಿನ ಅವಸರ ಹೆಚ್ಚಾಗಿ ಇರೋದು ಯಾರಿಗೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಬ್ರಿಟನ್ನಿನಲ್ಲಿ ಇಂಟರ್‌ಫ್ಲೋರಾ ಅಂತ ಮನೆ ಬಾಗಿಲಿಗೆ ಹೂ ಕಳಿಸೋ ಕಂಪನಿ ಇದೆ. 2013ರ ಫೆಬ್ರವರಿಯಲ್ಲಿ ಅದು ಗೂಗಲ್‌ನಿಂದ ಮಾಯ ಆಯ್ತು. ಹೂ ಅಂತ ಹುಡುಕಿದ್ರೂ ಇಲ್ಲ, ಇಂಟರ್‌ಫ್ಲೋರಾ ಅಂತ ಅದರ ಸ್ವಂತ ಹೆಸರನ್ನೇ ಹುಡುಕಿದ್ರೂ ಮೊದಲು ಬರಲ್ಲ. ಅಲ್ಲಿ ಮಾರ್ಚ್‌ನಲ್ಲಿ ತಾಯಂದಿರ ದಿನ, ಹೂವಿನ ವ್ಯಾಪಾರಕ್ಕೆ ನಮ್ಮ ವರಮಹಾಲಕ್ಷ್ಮಿ ಹಬ್ಬ ಇದ್ದ ಹಾಗೆ. ಆ ಹೊತ್ತಿಗೆ ಹನ್ನೊಂದು ದಿನ ಮಾಯ. ಊರೂರಿನ ಸ್ಥಳೀಯ ಪತ್ರಿಕೆಗಳ ವೆಬ್‌ಸೈಟ್‌ಗಳಲ್ಲಿ ಸುದ್ದಿಯ ವೇಷದ ಜಾಹೀರಾತು ಲೇಖನಗಳು ಬಂದಿದ್ದವು, ಅವುಗಳ ತುಂಬ ಇಂಟರ್‌ಫ್ಲೋರಾ ಲಿಂಕ್ ಇದ್ದವು. ಏಟು ಬಿದ್ದದ್ದು ಕೊಂಡವನಿಗೆ ಮಾತ್ರ ಅಲ್ಲ. ಆ ಪತ್ರಿಕೆಗಳ ಪೇಜ್‌ರ‍್ಯಾಂಕ್ ಕೂಡ ಕುಸಿಯಿತು. ದುಡ್ಡು ತಗೊಂಡು ಹೊಗಳೋ ಮೇಷ್ಟ್ರ ಮಾತನ್ನ ಇನ್ನು ಕೇಳಲ್ಲ ಅಂತ ಊರು ತೀರ್ಮಾನ ಮಾಡಿದ ಹಾಗೆ.

ಜಾಹೀರಾತು ಹಾಕೋದು ತಪ್ಪಾ? ಅಲ್ಲ. ಅದರಿಂದಲೇ ನಮ್ಮ ಸಂಬಳ. ಜಾಹೀರಾತಿನ ಲಿಂಕಿಗೆ ಒಂದು ಗುರುತು ಹಾಕಿ ಅಂತ ನಿಯಮ ಇದೆ. 2005ರಲ್ಲಿ 'ನೋಫಾಲೋ' ಅನ್ನೋ ಗುರುತು ಬಂತು, 2019ರಲ್ಲಿ ದುಡ್ಡಿನ ಲಿಂಕಿಗಾಗಿಯೇ 'ಸ್ಪಾನ್ಸರ್ಡ್' ಅನ್ನೋ ಗುರುತು ಬಂತು. ಪುಟದ ಹಿಂದಿನ ಕೋಡ್‌ನಲ್ಲಿ ಅದನ್ನ ಹಾಕಿದ್ರೆ ಓದುಗ ಲಿಂಕ್ ಒತ್ತಬಹುದು, ಯಂತ್ರ ಅದನ್ನ ಶಿಫಾರಸು ಅಂತ ಎಣಿಸಲ್ಲ. ನಮಗೆ ಬಂದ ಆ ಮೇಲ್‌ನಲ್ಲಿ ಕೊನೆಯ ಸಾಲು ಏನಿತ್ತು ಗೊತ್ತಾ? 'ದಯವಿಟ್ಟು ನೋಫಾಲೋ, ಸ್ಪಾನ್ಸರ್ಡ್ ಯಾವುದೂ ಹಾಕಬೇಡಿ.' ಗುರುತು ಹಾಕಿದ್ರೆ ಹದಿನೈದು ಸಾವಿರ ಇಲ್ಲ. ಅಲ್ಲಿಗೆ ವ್ಯಾಪಾರ ಯಾವುದರದ್ದು ಅಂತ ಸ್ಪಷ್ಟ ಆಯ್ತಲ್ಲ? ಚುನಾವಣೆ ಕಾಲದ ಪೇಯ್ಡ್ ನ್ಯೂಸ್ ಬಗ್ಗೆ ಎಷ್ಟು ಚರ್ಚೆ ಮಾಡಿದ್ದೀವಿ ನಾವು ಸ್ಟುಡಿಯೋದಲ್ಲಿ! ಇದು ಅದೇ. ಓದುಗನ ಕಣ್ಣಿಗೂ ಕಾಣಲ್ಲ ಅನ್ನೋದಷ್ಟೇ ವ್ಯತ್ಯಾಸ.

ಹಾಗಂತ ಗೂಗಲ್ ಧರ್ಮರಾಯ ಅಂತೇನೂ ನಾನು ಹೇಳಲ್ಲ. ಲಿಂಕ್ ಮಾರಬೇಡಿ ಅನ್ನೋ ಅದೇ ಗೂಗಲ್ ತನ್ನ ಪುಟದ ಮೇಲುಗಡೆಯ ಜಾಗವನ್ನ ತಾನೇ ಜಾಹೀರಾತಿಗೆ ಹರಾಜು ಹಾಕುತ್ತೆ. 'ಪ್ರಾಯೋಜಿತ' ಅಂತ ಬರೆದಿರುತ್ತೆ ನಿಜ, ಅವಸರದಲ್ಲಿರೋನು ಎಷ್ಟು ಸಲ ಅದನ್ನ ಓದ್ತಾನೆ? 2024ರಲ್ಲಿ ಇನ್ನೊಂದು ನಿಯಮ ತಂತು. ಹೆಸರಿರೋ ತಾಣದೊಳಗೆ ಬೇರೆಯವರ ಕೂಪನ್ನು, ಸಾಲ, ಜೂಜಿನ ಪುಟ ಇಟ್ಟು ಆ ಹೆಸರಿನ ಬಲದ ಮೇಲೆ ಮೇಲೆ ಬರೋ ಹಾಗಿಲ್ಲ ಅಂತ. ಯುರೋಪಿನ ಪ್ರಕಾಶಕರು ಇದು ನಮ್ಮ ಹೊಟ್ಟೆ ಮೇಲೆ ಹೊಡೆಯೋದು ಅಂದ್ರು, 2025ರ ನವೆಂಬರ್‌ನಲ್ಲಿ ಯುರೋಪಿಯನ್ ಕಮಿಷನ್ ತನಿಖೆಯನ್ನೂ ಶುರು ಮಾಡ್ತು. ಪೊಲೀಸನೂ ಅವನೇ, ಅಂಗಡಿಯವನೂ ಅವನೇ ಆದ್ರೆ ತಗಾದೆ ಬರದೇ ಇರುತ್ತಾ? ಆದ್ರೆ ಗೂಗಲ್ ಮೇಲಿನ ಸಿಟ್ಟಿಗೆ ನಾವು ನಮ್ಮ ಹೆಸರು ಮಾರಿಕೊಳ್ಳೋದು ಬೇಕಿಲ್ಲ.

ವೀಕ್ಷಕರಾಗಿ ನಿಮಗೆ ಇದರಿಂದ ಏನು ಅಂತೀರಾ? ರಾತ್ರಿ ಹನ್ನೊಂದಕ್ಕೆ ಮಗುವಿನ ಆಸ್ಪತ್ರೆ ಖರ್ಚಿಗೆ ದುಡ್ಡಿಲ್ಲದೆ 'ತಕ್ಷಣ ಸಾಲ' ಅಂತ ಮೊಬೈಲಲ್ಲಿ ಹುಡುಕೋನಿಗೆ, ಮೊದಲು ಬಂದ ಹೆಸರೇ ನಂಬಿಕಸ್ಥ ಹೆಸರು ಅಂತ ಅನಿಸುತ್ತೆ. ಆ ಹೆಸರನ್ನ ಮೇಲೆ ತಂದಿದ್ದು ಯಾರ ಯಾರ ಶಿಫಾರಸು ಅಂತ ಅವನಿಗೆ ಕಾಣಲ್ಲ. ಸಾಲದ ಆ್ಯಪ್ ವಿಷಯದಲ್ಲಿ ಒಂದು ದಾರಿ ಇದೆ. ಬ್ಯಾಂಕುಗಳು, ಫೈನಾನ್ಸ್ ಕಂಪನಿಗಳು ತಾವು ಬಳಸೋ ಆ್ಯಪ್‌ಗಳ ಬಗ್ಗೆ ಕೊಟ್ಟ ಮಾಹಿತಿಯ ಪಟ್ಟಿಯನ್ನ ರಿಸರ್ವ್ ಬ್ಯಾಂಕ್ 2025ರ ಜುಲೈನಿಂದ ತನ್ನ ವೆಬ್‌ಸೈಟಿನಲ್ಲಿ ಹಾಕಿದೆ. ಗೂಗಲ್‌ನಲ್ಲಿ ಎಷ್ಟನೇ ನಂಬರಿಗೆ ಬಂತು ಅಂತ ನೋಡೋ ಬದಲು ಆ ಪಟ್ಟಿಯಲ್ಲಿ ಹೆಸರಿದೆಯಾ ನೋಡಿ.

ಆ ರಾತ್ರಿಗೆ ವಾಪಸ್ ಬರ್ತೀನಿ. 'ಸಾರ್, ರಿಪ್ಲೈ ಏನು ಹಾಕ್ಲಿ?' ಅಂದ ಹುಡುಗ. ಏನೂ ಹಾಕಬೇಡ, ಮೊದಲು ಒಂದು ಕೆಲಸ ಮಾಡು ಅಂದೆ. ನಮ್ಮ ಹಳೇ ಸುದ್ದಿಗಳಲ್ಲಿ ಹೊರಗಿನ ತಾಣಕ್ಕೆ ಹೋಗೋ ಲಿಂಕ್ ಎಷ್ಟಿವೆ, ಎಲ್ಲಿಗೆ ಹೋಗ್ತವೆ, ಪಟ್ಟಿ ತೆಗಿ. ಇಂಥ ಮೇಲ್ ಇವತ್ತೇ ಮೊದಲ ಸಲ ಬಂದಿರಲಿಕ್ಕಿಲ್ಲ ಅನ್ನಿಸಿತು ನನಗೆ.

ಪಟ್ಟಿ ಬರೋ ಹೊತ್ತಿಗೆ ಹನ್ನೆರಡೂವರೆ. ಹನ್ನೊಂದು ಸುದ್ದಿಗಳಲ್ಲಿ ನಾವು ಹಾಕದ ಲಿಂಕ್‌ಗಳಿದ್ದವು. ನಾಲ್ಕು ಜೂಜಿನ ತಾಣಗಳಿಗೆ, ಒಂದು ಕೂದಲು ಕಸಿಗೆ, ಉಳಿದವು ಸಾಲಕ್ಕೆ. ಹಳೇ ಹುಡುಗರ ಪಾಸ್‌ವರ್ಡ್‌ನಲ್ಲಿ ಒಳಗೆ ಹೋಗಿ ಹಾಕಿದ್ದು. ಕೆಲಸ ಬಿಟ್ಟು ಹೋದವರು ಈಗ ಎಲ್ಲೆಲ್ಲೋ ಇದ್ದಾರೆ. ಯಾರು ಹಾಕಿದ್ರು, ದುಡ್ಡು ಯಾರ ಜೇಬಿಗೆ ಹೋಯ್ತು, ಗೊತ್ತಾಗಲಿಲ್ಲ. ಒಂದೊಂದಾಗಿ ತೆಗೆಸಿದೆ.

ಒಂಬತ್ತನೇ ಸುದ್ದಿ ತೆರೆದಾಗ ಹುಡುಗ ಸುಮ್ಮನಾದ. ಲೋನ್ ಆ್ಯಪ್‌ನವರ ಕಿರುಕುಳ ತಾಳಲಾರದೆ ಜೀವ ಕಳ್ಕೊಂಡ ಒಬ್ಬ ಹುಡುಗನ ಸುದ್ದಿ ಅದು. ಅವನ ತಾಯಿಯನ್ನ ಸ್ಟುಡಿಯೋಗೆ ಕರೆಸಿ ನಾನೇ ಮಾತಾಡಿಸಿದ್ದೆ. ಆ ತಾಯಿ ಹೇಳಿದ ಮಾತಿನ ನಡುವೆ, 'ತಕ್ಷಣ ಸಾಲ' ಅನ್ನೋ ಎರಡು ಪದ ನೀಲಿಯಾಗಿತ್ತು.